ಕುಟುಂಬದ ಫೋಟೋಗೆ ಎಲ್ಲರೂ ಒಂದೇ ಬಣ್ಣ ತೊಡಬೇಕೇ?

ಪ್ರಶ್ನೆ: ಸಾಗರದ ಸೊಸೆ

ನಮ್ಮ ಮನೆಯ ಅಜ್ಜಿಗೆ 80 ತುಂಬಿದ ನಿಮಿತ್ತ ಡಿಸೆಂಬರ್‌ನಲ್ಲಿ ಶಾಂತಿ ಇಟ್ಟುಕೊಂಡಿದ್ದೇವೆ. ಬೆಂಗಳೂರು, ಮಂಗಳೂರುಗಳಲ್ಲಿರುವ ಮಕ್ಕಳು ಮೊಮ್ಮಕ್ಕಳೆಲ್ಲ ಸಾಗರದ ಸಮೀಪದ ಮೂಲಮನೆಗೆ ಬರಲಿದ್ದಾರೆ. ಮರುದಿನ ಜಗಲಿಯಲ್ಲಿ, ಅಡಿಕೆ ತೋಟದಲ್ಲಿ, ಸಾಧ್ಯವಾದರೆ ಇಕ್ಕೇರಿ ದೇವಸ್ಥಾನದ ಬಳಿಯೂ ಫೋಟೋ ತೆಗೆಸುವ ಆಲೋಚನೆಯಿದೆ. ಕಿರಿಯರು ಎಲ್ಲರಿಗೂ ಬಿಳಿ ಅಂಗಿ, ನೀಲಿ ಜೀನ್ಸ್ ಸಾಕೆನ್ನುತ್ತಾರೆ. ಹಿರಿಯರಿಗೆ ರೇಷ್ಮೆ ಸೀರೆ, ಪಂಚೆ, ಶಲ್ಯವೇ ಆಗಬೇಕು. ಅಜ್ಜಿ ಮಾತ್ರ ತಮ್ಮ ಹಳೆಯ ಕಡುನೀಲಿ ಇಳಕಲ್ ಸೀರೆಯನ್ನೇ ಉಡುವುದಾಗಿ ಹೇಳಿಬಿಟ್ಟಿದ್ದಾರೆ. ಎಲ್ಲರ ಮನಸ್ಸಿಗೂ ಒಪ್ಪುವಂತೆ ಉಡುಪು ಆರಿಸುವುದು ಹೇಗೆ?

ಉತ್ತರ: ತೀರ್ಥಹಳ್ಳಿಯ ಛಾಯಾಗ್ರಾಹಕ

ನಿಮ್ಮ ಪ್ರಶ್ನೆಗೆ ಅಜ್ಜಿಯವರೇ ಉತ್ತರ ಕೊಟ್ಟಿದ್ದಾರೆ. ಚಿತ್ರದ ನಡುವೆ ಕೂರುವವರು ಅವರು. ಆದ್ದರಿಂದ ಅವರ ಸೀರೆಯನ್ನು ಮೊದಲು ನಿಶ್ಚಯಿಸಿಕೊಂಡು ಉಳಿದವರ ಬಟ್ಟೆಯನ್ನು ಅದರ ಸುತ್ತ ಹೊಂದಿಸಬೇಕು. ಇಳಕಲ್ ಸೀರೆಯ ಸೆರಗಿನಲ್ಲಿ ಸಾಮಾನ್ಯವಾಗಿ ಕೆಂಪಿನ ನಡುವೆ ಬಿಳಿಯ ತೆನೆಗಳಿರುತ್ತವೆ. ಕಡುನೀಲಿ, ಇಟ್ಟಿಗೆಗೆಂಪು, ಕೆನೆಬಿಳಿ ಎಂಬ ಮೂರು ಬಣ್ಣ ಅಲ್ಲಿಯೇ ಸಿಕ್ಕಿತು. ಸಾಸಿವೆ ಹಳದಿಯೊಂದನ್ನು ಸೇರಿಸಿಕೊಂಡರೆ ಮನೆಮಂದಿಗೆಲ್ಲ ಸಾಕಾಗುತ್ತದೆ. ಒಂದೊಂದು ಸಂಸಾರದವರು ಒಂದೊಂದು ಬಣ್ಣವನ್ನು ಮುಖ್ಯವಾಗಿಟ್ಟುಕೊಂಡರೆ ಯಾರು ಯಾರ ಮಕ್ಕಳೆಂಬುದೂ ಚಿತ್ರದಲ್ಲಿ ತಾನಾಗಿ ತಿಳಿಯುತ್ತದೆ.

ಎಲ್ಲರೂ ಅಚ್ಚಬಿಳಿ ತೊಡುವುದನ್ನು ನಾನು ತೋಟದ ಮಟ್ಟಿಗೆ ಖಂಡಿತ ಒಪ್ಪುವುದಿಲ್ಲ. ಅಡಿಕೆ ಸೋಗೆಗಳ ನಡುವಿನಿಂದ ಇಳಿಯುವ ಬೆಳಕಿಗೆ ಹಸಿರು ಛಾಯೆಯಿರುತ್ತದೆ, ಅದು ಬಿಳಿ ಅಂಗಿಯ ಮೇಲೆ ಬಿದ್ದು ಗಲ್ಲದ ಕೆಳಭಾಗಕ್ಕೂ ಪ್ರತಿಫಲಿಸುತ್ತದೆ. ಬಿಸಿಲಿನ ಚುಕ್ಕೆ ಬಿದ್ದ ಕಡೆಯಂತೂ ಬಟ್ಟೆಯ ಮಡಿಕೆಯೇ ಕಾಣದಷ್ಟು ಬೆಳ್ಳಗಾಗಿಬಿಡುತ್ತದೆ. ಹಸಿರು ಸೀರೆ ಎಷ್ಟೇ ಚೆನ್ನಾಗಿರಲಿ, ತೋಟದಲ್ಲಿ ಎಲೆಗಳೊಳಗೆ ಕರಗಿಹೋಗುತ್ತದೆ. ತೀರಾ ಸಣ್ಣ ಚೌಕಳಿ ಮತ್ತು ಒತ್ತೊತ್ತಾದ ತೆಳುಗೆರೆಗಳ ಅಂಗಿಯನ್ನೂ ಬಿಡಿ. ಡಿಜಿಟಲ್ ಚಿತ್ರದಲ್ಲಿ ಅವುಗಳ ಮೇಲೆ ಇಲ್ಲದ ಅಲೆಗಳು ಮೂಡುತ್ತವೆ. ಇನ್ನು ಜಗಲಿಯೊಳಗೆ ಫ್ಲ್ಯಾಷ್ ಬಳಸುವುದಾದರೆ, ದಪ್ಪ ಜರಿಯಂಚಿನ ಸೀರೆಯವರನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಬೇಕಾಗುತ್ತದೆ.

ಉತ್ತರ: ಹೊಸನಗರದ ಗೃಹಿಣಿ

ಬಣ್ಣದ ವಿಚಾರ ಸರಿ. ಆದರೆ ಡಿಸೆಂಬರ್ ಎಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ಅಂಗಳದಲ್ಲಿ, ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರಡಿರುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ಕೆಂಗಂದು ರಸ, ಅಂದರೆ ಚೊಗರು, ರೇಷ್ಮೆಗೆ ತಗುಲಿದರೆ ತೊಳೆದರೂ ಹೋಗುವುದಿಲ್ಲ. ಆದಕಾರಣ ರೇಷ್ಮೆಯನ್ನು ಜಗಲಿಗೂ ದೇವಸ್ಥಾನಕ್ಕೂ ಮೀಸಲಿಟ್ಟು, ತೋಟಕ್ಕೆ ಹತ್ತಿಯ ಬಟ್ಟೆಯಲ್ಲಿ ಹೋಗಿ. ಹೊಸದಾಗಿ ಕೊಳ್ಳುವುದಿದ್ದರೆ ನಿಮ್ಮ ಹತ್ತಿರದಲ್ಲೇ ಹೆಗ್ಗೋಡಿನ ‘ಚರಕ’ ಎಂಬ ಮಹಿಳಾ ಸಹಕಾರ ಸಂಘದವರ ಕೈಮಗ್ಗದ ಬಟ್ಟೆಯಿದೆ. ಆ ಹೆಣ್ಣುಮಕ್ಕಳು ಇದೇ ಚೊಗರಿನಿಂದಲೂ ಬಣ್ಣ ಹಾಕುತ್ತಾರೆ, ಮತ್ತು ನೈಸರ್ಗಿಕ ಬಣ್ಣಗಳು ಕಣ್ಣಿಗೆ ಹೊಡೆಯದ ಕಾರಣ ಒಂದರ ಪಕ್ಕ ಒಂದು ಸುಲಭವಾಗಿ ಹೊಂದುತ್ತವೆ.

ಇನ್ನೊಂದು ಮಾತು. ಅಜ್ಜಿಯನ್ನು ದಯವಿಟ್ಟು ಸಂಕ (ಕಾಲುಸೇತುವೆ) ದಾಟಿಸಿ ತೋಟದೊಳಗೆ ಕರೆದೊಯ್ಯಬೇಡಿ. ಅವರು ದಿನವೂ ಕೂರುವ ಜಾಗದಲ್ಲಿ, ಕೆತ್ತನೆಯ ಕಂಬದ ಪಕ್ಕದಲ್ಲೇ ಕೂರಲಿ, ಉಳಿದವರು ಅವರ ಬಳಿಗೆ ಬರಲಿ. ಮಕ್ಕಳಿಗೆ ಬಿಗಿಯಾದ ಕಾಲರ್, ಚುಚ್ಚುವ ಜರಿ ಬೇಡ; ಅರ್ಧ ಗಂಟೆಯಲ್ಲಿ ಅಳು ಶುರುವಾದರೆ ಯಾವ ಬಣ್ಣವೂ ನೆರವಿಗೆ ಬಾರದು.

ಉತ್ತರ: ಶಿವಮೊಗ್ಗದ ಇತಿಹಾಸಾಸಕ್ತ

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಕೆಳದಿ ಅರಸರ ಕಾಲದ್ದು. ಬೂದು ಛಾಯೆಯ ಆ ಕಲ್ಲಿನ ಮುಂದೆ ತೋಟದಲ್ಲಿ ಬೇಡವೆಂದ ಹಸಿರೂ ಕುಂಕುಮದ ಕೆಂಪೂ ಬಹಳ ಚೆನ್ನಾಗಿ ಎದ್ದು ಕಾಣುತ್ತವೆ. ಬೂದು, ಮಾಸಲು ಕಂದು ಬಣ್ಣಗಳನ್ನು ಮಾತ್ರ ಅಲ್ಲಿ ತೊಡಬೇಡಿ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್, ದೊಡ್ಡ ದೀಪಗಳನ್ನು ಒಯ್ಯುವ ಮೊದಲು ಅನುಮತಿ ಕೇಳಿಕೊಳ್ಳಿ. ಪೂಜೆ ನಡೆಯುವ ಸ್ಥಳವೂ ಹೌದು. ಉಡುಪು ಅದಕ್ಕೆ ತಕ್ಕಂತಿರಲಿ.

ಮರುಪ್ರಶ್ನೆ: ಸಾಗರದ ಸೊಸೆ

ಎಲ್ಲರಿಗೂ ಧನ್ಯವಾದಗಳು. ಅಜ್ಜಿಯ ಸೀರೆಯಿಂದಲೇ ಆರಂಭಿಸುವುದೆಂದು ಮನೆಯಲ್ಲಿ ಒಪ್ಪಿಗೆಯಾಯಿತು. ಇಬ್ಬರು ಮೊಮ್ಮಕ್ಕಳು ಮಾತ್ರ ಜೀನ್ಸ್ ಬಿಡಲು ತಯಾರಿಲ್ಲ. ಬೇರೆ ಬೇರೆ ಊರಿನಲ್ಲಿರುವವರ ಬಟ್ಟೆಯ ಬಣ್ಣ ಹೊಂದುತ್ತದೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ತೀರ್ಥಹಳ್ಳಿಯ ಛಾಯಾಗ್ರಾಹಕ

ಹರಿದ ವಿನ್ಯಾಸವಿಲ್ಲದ ಕಡುನೀಲಿ ಜೀನ್ಸ್ ಆಗಿದ್ದರೆ ತೊಡಲಿ, ಮೇಲೆ ಸಾಸಿವೆ ಹಳದಿ ಅಥವಾ ಕೆನೆಬಿಳಿಯ ಜುಬ್ಬಾ ಇರಲಿ. ಅಜ್ಜಿಯ ಸೀರೆಯ ನೀಲಿಗೆ ಅದು ಹೊಂದಿಕೊಳ್ಳುತ್ತದೆ. ಪ್ರತಿಯೊಬ್ಬರೂ ತಮ್ಮ ಬಟ್ಟೆಯನ್ನು ಹಗಲಿನಲ್ಲಿ ಕಿಟಕಿಯ ಬಳಿ ಹರಡಿ, ಪಕ್ಕದಲ್ಲೊಂದು ಬಿಳಿ ಹಾಳೆಯಿಟ್ಟು ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲಿ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರವನ್ನು ನಂಬಬೇಡಿ. ತೋಟದ ಚಿತ್ರಗಳನ್ನು ಸಂಜೆ ನಾಲ್ಕೂವರೆಯೊಳಗೆ ಮುಗಿಸಿ, ಏಕೆಂದರೆ ಹೊರಗೆ ಇನ್ನೂ ಬಿಸಿಲಿದ್ದಾಗಲೇ ಮರಗಳ ಅಡಿಯಲ್ಲಿ ಕತ್ತಲು ಕವಿಯತೊಡಗುತ್ತದೆ, ಆಗ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.