ಯಾವ ಡಿವಿಷನ್ 1?

*ಮೈಸೂರು ದೊಡ್ಡಪ್ಪ* (ಹಲವು ಬಾರಿ ಫಾರ್ವರ್ಡ್ ಆಗಿದೆ): ಅಮೆರಿಕದ ಕಾಲೇಜಲ್ಲಿ ಐಸ್ ಹಾಕಿ ಡಿವಿಷನ್ 1 ಟೀಮಿಗೆ ಸೇರಿದರೆ ಫೀಸ್ ಪೂರ್ತಿ ಮಾಫಿ!! ಮಕ್ಕಳಿರುವ ಎಲ್ಲರಿಗೂ ಕಳಿಸಿ 🙏

*ಹಾಸನದ ಅತ್ತೆ*: ನಮ್ಮ ಸುಧಾ ಮಗ ಚಿಂಟು ಸೆಲೆಕ್ಟ್ ಆಗಿದ್ದು ಇದಕ್ಕೇ ಅಲ್ವಾ 💐💐

*ಪುಟ್ಟಿ*: ದೊಡ್ಡಪ್ಪ, ಎಲ್ಲಿಂದ ಬಂತಿದು? ಲಿಂಕ್ ಹಾಕಿ.

*ದೊಡ್ಡಪ್ಪ*: ಎಲ್ಲದಕ್ಕೂ ಲಿಂಕ್. ಹಿರಿಯರ ಮಾತಿಗೆ ಬೆಲೆಯೇ ಇಲ್ಲ.

*ಪುಟ್ಟಿ*: ಬಿಸಿನೀರು-ನಿಂಬೆಹಣ್ಣಿನ ಫಾರ್ವರ್ಡೂ ಹಿರಿಯರ ಮಾತೇ ಆಗಿತ್ತು.

*ಪಿಟ್ಸ್‌ಬರ್ಗ್ ಭಾವ*: ಡಿವಿಷನ್ 1 ಎರಡಿದೆ. ಕಾಲೇಜುಗಳ ಅಧಿಕೃತ ಟೀಮುಗಳ ಸಂಘ ಎನ್‌ಸಿಎಎದು ಒಂದು, ಎಸಿಎಚ್‌ಎದು ಇನ್ನೊಂದು. ಎಸಿಎಚ್‌ಎ ಅಂದ್ರೆ 1991ರಲ್ಲಿ ಶುರುವಾದ ಕ್ಲಬ್ ಟೀಮುಗಳ ಕೂಟ. ಹುಡುಗರಿಗೆ ಎಂ1 (ಅಂದ್ರೆ ಡಿವಿಷನ್ 1), ಎಂ2, ಎಂ3. ಹುಡುಗಿಯರಿಗೆ ಡಬ್ಲ್ಯೂ1, ಡಬ್ಲ್ಯೂ2. ಇಲ್ಲಿ ಮಾಫಿ ಇರಲಿ, ರಿಂಕ್ ಬಾಡಿಗೆ, ರೆಫರಿ, ಬಸ್ಸು ಅಂತ ಹೆಚ್ಚಿನ ಟೀಮುಗಳಲ್ಲಿ ಹುಡುಗರೇ ಡ್ಯೂಸ್ (ಟೀಮಿನ ಚಂದಾ) ಕಟ್ಟಬೇಕು.

*ಸುಧಕ್ಕ*: ಅಂದ್ರೆ ನಮ್ಮ ಹುಡುಗ ಆಡೋದು ಡೂಪ್ಲಿಕೇಟು ಅಂತೀರಾ? ಗೃಹಪ್ರವೇಶದಲ್ಲೂ ಹೀಗೇ ಕೊಂಕು ಆಡಿದ್ರಿ.

*ಪಿಟ್ಸ್‌ಬರ್ಗ್ ಭಾವ*: ಆಟ ಚೆನ್ನಾಗೇ ಇರುತ್ತೆ ಸುಧಾ. ಪೆನ್ ಸ್ಟೇಟ್ ಯೂನಿವರ್ಸಿಟಿದೂ ಕ್ಲಬ್ ಟೀಮೇ ಆಗಿತ್ತು. 2010ರಲ್ಲಿ ಅಲ್ಲೇ ಓದಿದ್ದ ಶ್ರೀಮಂತ ಟೆರಿ ಪೆಗುಲಾ 8.8 ಕೋಟಿ ಡಾಲರ್ ಕೊಟ್ಟ ಮೇಲೆ, 2012ರಲ್ಲಿ ಎನ್‌ಸಿಎಎಗೆ ಹೋಯ್ತು. ಅರಿಜೋನಾ ಸ್ಟೇಟ್ 2014ರಲ್ಲಿ ಕ್ಲಬ್ ಚಾಂಪಿಯನ್, 2015ಕ್ಕೆ ಅದೂ ಆಚೆ ಕಡೆ. ಗೆದ್ದೋರೇ ಬಿಟ್ಟು ಹೋಗ್ತಾರೆ, ಎಂ1 ಕಥೆ ಅಷ್ಟೇ. ಇನ್ನೊಂದು, ಚಿಂಟು ಜೆರ್ಸಿ ನೋಡಿ ನಂಬಬೇಡಿ, ಶೆಡ್ಯೂಲ್ ನೋಡಿ. ಒಂದೇ ಕಾಲೇಜಿಗೆ ಎಂ1, ಎಂ2, ಎಂ3 ಮೂರೂ ಟೀಮ್ ಇರಬಹುದು. ಎಂ2 ಆದ್ರೆ ರೀಜನ್ ರ‍್ಯಾಂಕಿಂಗು: ಮೇಲಿನ ಕೆಲವರು ನೇರ ನ್ಯಾಷನಲ್ಸ್‌ಗೆ, ಅವರ ಕೆಳಗಿನೋರು ರೀಜನಲ್ಸ್ (ಆ ಪ್ರದೇಶದ ಟೂರ್ನಿ) ಗೆದ್ದು ಹೋಗಬೇಕು.

*ಮಡಿಕೇರಿ ಸೋಮು*: ಹಾಕಿ ಅಂದ್ರೆ ಕೊಡವ ಕುಟುಂಬಗಳ ಹಾಕಿ ಕಣ್ರೋ! 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡ ಊರಲ್ಲಿ ಶುರು ಮಾಡಿದಾಗ 60 ಕುಟುಂಬ. ಜೀಪಲ್ಲಿ ಎಲ್ರನ್ನೂ ಕರ್ಕೊಂಡು ಹೋದೋನು ನಾನು. ಡೀಸೆಲ್ ದುಡ್ಡು ಇನ್ನೂ ಬಂದಿಲ್ಲ.

*ದೊಡ್ಡಪ್ಪ*: ಕೊಟ್ಟಿದ್ದೀನಿ.

*ಸೋಮು*: ಅರ್ಧ.

*ಪುಟ್ಟಿ*: ಎನ್‌ಸಿಎಎ ಡಿವಿಷನ್ 1 ಆದ್ರೆ ಮಾಫಿನಾ ಭಾವ?

*ಪಿಟ್ಸ್‌ಬರ್ಗ್ ಭಾವ*: ಅಲ್ಲೂ ಎಲ್ಲರಿಗಿಲ್ಲ. ಹಾರ್ವರ್ಡ್, ಕಾರ್ನೆಲ್ ಥರ ಐವಿ ಲೀಗ್‌ನೋರು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ. ಎನ್‌ಸಿಎಎ ಡಿವಿಷನ್ 3ರಲ್ಲೂ ಇಲ್ಲ.

*ಪುಟ್ಟಿ*: ಸುಧಕ್ಕ, ನೀವು ಯುಗಾದಿಗೆ ಬಂದಾಗ ಚಿಂಟುಗೆ ಸ್ಕಾಲರ್‌ಶಿಪ್ ಅಂದಿದ್ರಿ?

*ಸುಧಕ್ಕ*: 🚫 ಈ ಸಂದೇಶವನ್ನು ಅಳಿಸಲಾಗಿದೆ

*ದೊಡ್ಡಪ್ಪ*: ಪುಟ್ಟಿ, ದೊಡ್ಡೋರ ಹತ್ರ ಹೀಗಾ ಮಾತಾಡೋದು?

*ಹಾಸನದ ಅತ್ತೆ*: ಸುಧಾ, ಏನೇ ಅಳಿಸಿದ್ದು?