ಪೋಸ್ಟ್‌ಗ್ರೆಸ್ ಒಳಗಿಂದ ಸ್ನೈಪ್-ಐಟಿ ಅಸೆಟ್ ಡೇಟಾ: ಜಾಯಿನ್ ನಿಧಾನ, ದಿನಾಂಕಕ್ಕೆ ಎರರ್, ಹೆಸರುಗಳು ಅದಲುಬದಲು

ಟೇಬಲ್_ಜೋಡಣೆ ಕೇಳಿದ್ದು:

ಟಿಕೆಟ್‌ಗಳು (ದೂರು-ಕೋರಿಕೆಗಳ ದಾಖಲೆ) ಪೋಸ್ಟ್‌ಗ್ರೆಸ್ 16 ಡೇಟಾಬೇಸ್‌ನಲ್ಲಿವೆ, ಸುಮಾರು 2 ಲಕ್ಷ ಸಾಲು. ಅಸೆಟ್‌ಗಳು, ಅಂದರೆ ಪ್ರಿಂಟರ್‌ನಂಥ ಯಂತ್ರಗಳು, ಸ್ನೈಪ್-ಐಟಿ ಎಂಬ ಅಸೆಟ್ ನಿರ್ವಹಣಾ ತಂತ್ರಾಂಶದಲ್ಲಿ, ಸುಮಾರು 40,000. ಅದರ ಹಿಂದಿರುವುದು ಮೈಎಸ್‌ಕ್ಯೂಎಲ್ 8 ಡೇಟಾಬೇಸ್. ಎರಡು ಸರ್ವರ್‌ಗಳ ನಡುವೆ ಲೇಟೆನ್ಸಿ (ಒಮ್ಮೆ ಹೋಗಿಬರುವ ಸಮಯ) 20 ಮಿಲಿಸೆಕೆಂಡ್. ಮೈಎಸ್‌ಕ್ಯೂಎಲ್ ಎಫ್‌ಡಿಡಬ್ಲ್ಯೂ (ಆ ಕಡೆಯ ಟೇಬಲ್‌ಗಳನ್ನು ಪೋಸ್ಟ್‌ಗ್ರೆಸ್‌ನಲ್ಲಿ 'ಫಾರಿನ್ ಟೇಬಲ್' ಆಗಿ ತೋರಿಸುವ ಎಕ್ಸ್‌ಟೆನ್ಷನ್) ಹಾಕಿ, 'ಇಂಪೋರ್ಟ್ ಫಾರಿನ್ ಸ್ಕೀಮಾ' ಓಡಿಸಿ ಇಡೀ ಸ್ಕೀಮಾ, ಅಂದರೆ ಎಲ್ಲ ಟೇಬಲ್‌ಗಳ ವ್ಯಾಖ್ಯೆ, ತಂದಾಗಿದೆ.

ತೊಂದರೆ ಮೂರು. ಅಸೆಟ್ ಟ್ಯಾಗ್ ಮೇಲೆ ಟಿಕೆಟ್ ಜೊತೆ ಜಾಯಿನ್ ಮಾಡಿದರೆ 10 ಸೆಕೆಂಡ್ ಹತ್ತಿರ ಹೋಗುತ್ತದೆ. ಖರೀದಿ ದಿನಾಂಕ ಸೆಲೆಕ್ಟ್ ಮಾಡಿದರೆ '0000-00-00' ವ್ಯಾಪ್ತಿಯ ಹೊರಗಿದೆ ಎಂದು ಕ್ವೆರಿ ನಿಂತುಬಿಡುತ್ತದೆ. ಯಂತ್ರ ಯಾರ ಬಳಿ ಇದೆ ಎಂದು ನೋಡಿದರೆ ಕೆಲವು ಸಾಲುಗಳಲ್ಲಿ ಸಂಬಂಧವೇ ಇಲ್ಲದ ಹೆಸರು ಬರುತ್ತದೆ. 15 ನಿಮಿಷ ಹಳೆಯ ಡೇಟಾ ಆದರೂ ನಡೆಯುತ್ತದೆ. ಏನು ಬದಲಿಸಬೇಕು?

ವ್ಯೂ_ಪಕ್ಷಪಾತಿ:

ಮೊದಲು ಆ ಇಂಪೋರ್ಟ್ ಮಾಡಿದ ಸ್ಕೀಮಾವನ್ನು ಡ್ರಾಪ್ ಮಾಡಿ. ಹೋಗುವುದು ಪೋಸ್ಟ್‌ಗ್ರೆಸ್ ಕಡೆಯ ವ್ಯಾಖ್ಯೆಗಳು ಮಾತ್ರ, ಮೈಎಸ್‌ಕ್ಯೂಎಲ್‌ನ ಡೇಟಾಗೆ ಏನೂ ಆಗುವುದಿಲ್ಲ. ಇಡೀ ಸ್ಕೀಮಾ ತಂದರೆ ಯೂಸರ್ಸ್ ಟೇಬಲ್ ಕೂಡ ಬರುತ್ತದೆ, ಅದರಲ್ಲಿ ಪಾಸ್‌ವರ್ಡ್ ಹ್ಯಾಶ್ ಕಾಲಂ ಇದೆ. ವರದಿ ಬರೆಯುವವರಿಗೆ ಅದು ಯಾಕೆ ಬೇಕು?

ಬದಲಿಗೆ ಮೈಎಸ್‌ಕ್ಯೂಎಲ್ ಕಡೆಯಲ್ಲೇ ಒಂದು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ, ಟೇಬಲ್‌ನಂತೆ ಓದಬಹುದು) ಕಟ್ಟಿ. ಹೊಸ ಯೂಸರ್‌ಗೆ ಆ ವ್ಯೂ ಮೇಲೆ ಮಾತ್ರ ಸೆಲೆಕ್ಟ್ ಅನುಮತಿ ಕೊಡಿ. ವ್ಯೂಗಳು ಡಿಫಾಲ್ಟ್ ಆಗಿ ಡಿಫೈನರ್ (ವ್ಯೂ ಕಟ್ಟಿದವರ) ಹಕ್ಕಿನಲ್ಲೇ ಓಡುವುದರಿಂದ ಮೂಲ ಟೇಬಲ್‌ಗಳ ಮೇಲೆ ಅನುಮತಿ ಬೇಕಿಲ್ಲ. ನಿಮ್ಮ ಎರಡನೆಯ, ಮೂರನೆಯ ತೊಂದರೆ ಎರಡೂ ಅಲ್ಲೇ ತೀರುತ್ತವೆ.

ಹೆಸರಿನ ಗೊಂದಲ: 'ಅಸೈನ್ಡ್ ಟು' ಕಾಲಂನಲ್ಲಿರುವುದು ಬರೀ ಒಂದು ಐಡಿ. ಅದು ವ್ಯಕ್ತಿಯದೋ, ಸ್ಥಳದ್ದೋ, ಇನ್ನೊಂದು ಅಸೆಟ್‌ನದೋ ಎಂದು ಹೇಳುವುದು ಪಕ್ಕದ 'ಅಸೈನ್ಡ್ ಟೈಪ್' ಕಾಲಂ. ಅದನ್ನು ನೋಡದೆ ಯೂಸರ್ಸ್ ಜೊತೆ ಜಾಯಿನ್ ಮಾಡಿದರೆ 17ನೇ ಸ್ಥಳಕ್ಕೆ ಕೊಟ್ಟ ಪ್ರಿಂಟರ್ 17ನೇ ವ್ಯಕ್ತಿಯ ಹೆಸರಿಗೆ ಬೀಳುತ್ತದೆ. ಲೆಫ್ಟ್ ಜಾಯಿನ್‌ನ 'ಆನ್' ಭಾಗದಲ್ಲೇ ಟೈಪ್ ಷರತ್ತು ಸೇರಿಸಿ. ಆ ಟೈಪ್ ಕಾಲಂನ ಮೌಲ್ಯ 'ಆ್ಯಪ್\ಮಾಡೆಲ್ಸ್\ಯೂಸರ್' ಎಂಬ ಕ್ಲಾಸ್ ಹೆಸರು, ಡೇಟಾಬೇಸ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಮೈಎಸ್‌ಕ್ಯೂಎಲ್ ಸ್ಟ್ರಿಂಗ್‌ನಲ್ಲಿ ಪ್ರತಿ ಬ್ಯಾಕ್‌ಸ್ಲಾಶ್ ಎರಡು ಸಲ ಬರೆಯಬೇಕು. ಒಂದೇ ಬರೆದರೆ ಎರರ್ ಬರುವುದಿಲ್ಲ, ಎಲ್ಲ ಹೆಸರೂ ನಲ್ (ಖಾಲಿ) ಆಗುತ್ತದೆ ಅಷ್ಟೇ, ಅದಕ್ಕೇ ಹುಡುಕುವುದು ಕಷ್ಟ.

ದಿನಾಂಕ: 'ನಲ್‌ಇಫ್' ಹಾಕಿ '0000-00-00' ಜೊತೆ ಹೋಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ 'ನೋ ಝೀರೋ ಡೇಟ್' (ಸೊನ್ನೆ ದಿನಾಂಕ ಒಪ್ಪದ) ಮೋಡ್ ಇದ್ದರೆ ಮೈಎಸ್‌ಕ್ಯೂಎಲ್ 8 ಆ ಹೋಲಿಕೆಯನ್ನೇ ತಿರಸ್ಕರಿಸಬಹುದು. 'ಕೇಸ್ ವೆನ್ ಇಯರ್(ಖರೀದಿ ದಿನಾಂಕ) > 0 ದೆನ್ ಖರೀದಿ ದಿನಾಂಕ ಎಂಡ್' ಎಂದು ಬರೆಯಿರಿ, ಉಳಿದದ್ದು ತಾನಾಗಿ ನಲ್ ಆಗುತ್ತದೆ.

ವ್ಯೂಗೆ 'ಡಿಲೀಟೆಡ್ ಆ್ಯಟ್ ಈಸ್ ನಲ್' ಷರತ್ತು ಮರೆಯಬೇಡಿ. ಸ್ನೈಪ್-ಐಟಿ ಅಳಿಸಿದ ಸಾಲನ್ನು ತೆಗೆಯುವುದಿಲ್ಲ, ಗುರುತು ಹಾಕಿ ಇಡುತ್ತದೆ. ಅಳಿಸಿದ ಯಂತ್ರದ ಟ್ಯಾಗನ್ನೇ ಹೊಸದಕ್ಕೆ ಕೊಟ್ಟಿದ್ದರೆ ಒಂದು ಟಿಕೆಟ್ ಎರಡಾಗಿ ಕಾಣುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಫಾರಿನ್ ಟೇಬಲ್ ಕೈಯಾರೆ ಬರೆಯಿರಿ, ಬೇಕಾದ ಎಂಟೋ ಹತ್ತೋ ಕಾಲಂ ಮಾತ್ರ. ಸ್ನೈಪ್-ಐಟಿ ಅಪ್‌ಗ್ರೇಡ್‌ನಲ್ಲಿ ಕಾಲಂ ಬದಲಾದರೆ ವ್ಯೂ ಒಂದನ್ನು ತಿದ್ದಿದರೆ ಆಯಿತು.

ಪ್ಲ್ಯಾನ್_ಓದುಗ:

ವೇಗದ ಮಾತಿಗೆ ಬರೋಣ. 'ಎಕ್ಸ್‌ಪ್ಲೇನ್ ವರ್ಬೋಸ್' ಕೊಟ್ಟು 'ರಿಮೋಟ್ ಕ್ವೆರಿ' ಸಾಲು ನೋಡಿ. ಅಲ್ಲಿ ನಿಮ್ಮ ವೇರ್ ಷರತ್ತು ಕಾಣದಿದ್ದರೆ ಅಸೆಟ್ ಟೇಬಲ್ ಪೂರ್ತಿ ತಂತಿ ದಾಟಿ ಬರುತ್ತಿದೆ. ಲೋಕಲ್ ಟೇಬಲ್ ಮತ್ತು ಫಾರಿನ್ ಟೇಬಲ್ ನಡುವಿನ ಜಾಯಿನ್ ಯಾವತ್ತೂ ಆ ಕಡೆಗೆ ಹೋಗುವುದಿಲ್ಲ. ಎರಡೂ ಒಂದೇ ಫಾರಿನ್ ಸರ್ವರ್‌ನವಾದರೆ ಮಾತ್ರ ಹೋಗಬಹುದು.

ಈಗ ಲೆಕ್ಕ. 'ಫೆಚ್ ಸೈಜ್', ಅಂದರೆ ಒಂದು ಸುತ್ತಿಗೆ ತರುವ ಸಾಲುಗಳ ಸಂಖ್ಯೆ, ಡಿಫಾಲ್ಟ್ 100. 40,000 ಸಾಲಿಗೆ 400 ಸುತ್ತು, ಸುತ್ತಿಗೆ 20 ಮಿಲಿಸೆಕೆಂಡ್ ಎಂದರೆ ಕಾಯುವುದರಲ್ಲೇ 8 ಸೆಕೆಂಡ್. ನಿಮ್ಮ 10 ಸೆಕೆಂಡಿನ ಬಹುಪಾಲು ಇದೇ. ಫಾರಿನ್ ಸರ್ವರ್ ಆಪ್ಷನ್‌ನಲ್ಲಿ ಅದನ್ನು 5000 ಮಾಡಿ, 8 ಸುತ್ತಿಗೆ ಇಳಿಯುತ್ತದೆ.

ಆದರೂ ಡ್ಯಾಶ್‌ಬೋರ್ಡನ್ನು ಫಾರಿನ್ ಟೇಬಲ್‌ಗೆ ನೇರ ಕಟ್ಟಬೇಡಿ. ಎಫ್‌ಡಿಡಬ್ಲ್ಯೂ ಪ್ರತಿ ಸೆಷನ್‌ಗೂ ಒಂದು ಕನೆಕ್ಷನ್ ತೆರೆದು ಹಿಡಿದಿಟ್ಟುಕೊಳ್ಳುತ್ತದೆ. ಪೂಲ್‌ನಲ್ಲಿ 50 ಬ್ಯಾಕೆಂಡ್ (ಪೋಸ್ಟ್‌ಗ್ರೆಸ್ ಸೆಷನ್) ಇದ್ದರೆ ಆ ಕಡೆ 50 ಕನೆಕ್ಷನ್, ಮೈಎಸ್‌ಕ್ಯೂಎಲ್‌ನ ಡಿಫಾಲ್ಟ್ ಮಿತಿ 151. 15 ನಿಮಿಷ ಹಳೆಯದು ನಡೆಯುತ್ತದೆ ಎಂದಿದ್ದೀರಿ, ಹಾಗಾದರೆ ಪೋಸ್ಟ್‌ಗ್ರೆಸ್‌ನಲ್ಲಿ ಮೆಟೀರಿಯಲೈಸ್ಡ್ ವ್ಯೂ (ಫಲಿತಾಂಶವನ್ನೇ ಉಳಿಸಿಡುವ ವ್ಯೂ) ಸಾಕು. ಐಡಿ ಮೇಲೆ ಯುನೀಕ್ ಇಂಡೆಕ್ಸ್, ಟ್ಯಾಗ್ ಮೇಲೆ ಇನ್ನೊಂದು. ಪಿಜಿ ಕ್ರಾನ್‌ನಲ್ಲಿ (ಪೋಸ್ಟ್‌ಗ್ರೆಸ್ ಒಳಗೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಎಕ್ಸ್‌ಟೆನ್ಷನ್) '*/15 * * * *', ಅಂದರೆ 15 ನಿಮಿಷಕ್ಕೊಮ್ಮೆ, ಹಾಕಿ 'ರಿಫ್ರೆಶ್ ಮೆಟೀರಿಯಲೈಸ್ಡ್ ವ್ಯೂ ಕನ್‌ಕರೆಂಟ್ಲಿ' (ಓದುವವರನ್ನು ತಡೆಯದ ರಿಫ್ರೆಶ್) ಓಡಿಸಿ. ಯುನೀಕ್ ಇಂಡೆಕ್ಸ್ ಇಲ್ಲದೆ ಕನ್‌ಕರೆಂಟ್ಲಿ ಒಪ್ಪುವುದಿಲ್ಲ. ರಿಫ್ರೆಶ್ ನಡೆಯುವುದು ವ್ಯೂ ಮಾಲೀಕನ ಹಕ್ಕಿನಲ್ಲಿ, ಆದ್ದರಿಂದ ಯೂಸರ್ ಮ್ಯಾಪಿಂಗ್ (ಮೈಎಸ್‌ಕ್ಯೂಎಲ್ ಯೂಸರ್ ಹೆಸರು, ಪಾಸ್‌ವರ್ಡ್ ಇಡುವ ಜಾಗ) ಆ ರೋಲ್‌ಗೆ ಇರಬೇಕು. ಪೋಸ್ಟ್‌ಗ್ರೆಸ್ ಸೂಪರ್‌ಯೂಸರ್ ಆಗಿ ಪಿಜಿ ಡಂಪ್ ತೆಗೆದರೆ ಆ ಮ್ಯಾಪಿಂಗ್‌ನ ಪಾಸ್‌ವರ್ಡ್ ಕೂಡ ಫೈಲ್‌ಗೆ ಹೋಗುತ್ತದೆ, ಬ್ಯಾಕಪ್ ಇಡುವ ಜಾಗ ನೋಡಿಕೊಳ್ಳಿ.

ಇನ್ನೊಂದು, ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಕೊಲೇಷನ್‌ಗೆ (ಅಕ್ಷರ ಹೋಲಿಸುವ ನಿಯಮ) ದೊಡ್ಡಕ್ಷರ ಚಿಕ್ಕಕ್ಷರ ಒಂದೇ, ಪೋಸ್ಟ್‌ಗ್ರೆಸ್‌ಗೆ ಬೇರೆ. ಒಂದೇ ವೇರ್ ಷರತ್ತು ಆ ಕಡೆ ಓಡಿದಾಗ ಒಂದು ಫಲಿತಾಂಶ, ಈ ಕಡೆ ಓಡಿದಾಗ ಇನ್ನೊಂದು. ಮೆಟೀರಿಯಲೈಸ್ಡ್ ವ್ಯೂ ತುಂಬುವಾಗಲೇ ಟ್ಯಾಗನ್ನು 'ಅಪ್ಪರ್', 'ಟ್ರಿಮ್' ಮಾಡಿ ಇಡಿ, ಟಿಕೆಟ್ ಕಡೆಯೂ ಹಾಗೇ. ಸೀರಿಯಲ್ ನಂಬರ್ ಮೇಲೆ ಮಾತ್ರ ಜಾಯಿನ್ ಬೇಡ, ಸ್ನೈಪ್-ಐಟಿಯಲ್ಲಿ ಅದು ಯುನೀಕ್ ಆಗಿರಲೇಬೇಕು ಎಂಬ ಕಟ್ಟುಪಾಡು ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರಷ್ಟೇ ಬರುತ್ತದೆ.

ಟೇಬಲ್_ಜೋಡಣೆ:

ಮೈಎಸ್‌ಕ್ಯೂಎಲ್ ಬಿದ್ದರೆ, ಅಥವಾ ಉತ್ತರ ಕೊಡದೆ ನೇತಾಡಿದರೆ? ಕೊನೆಯ ರಿಫ್ರೆಶ್ ಸಮಯ ತೋರಿಸಲು ವ್ಯೂನಲ್ಲೇ 'ನೌ' ಕಾಲಂ ಸೇರಿಸಬಹುದೇ?

ಪ್ಲ್ಯಾನ್_ಓದುಗ:

ಬಿದ್ದರೆ ರಿಫ್ರೆಶ್ ಫೇಲ್ ಆಗುತ್ತದೆ, ಹಳೆಯ ಡೇಟಾ ಹಾಗೇ ಉಳಿಯುತ್ತದೆ. ಕ್ವೆರಿ ಎಳೆದಾಡುವುದಕ್ಕೆ ಸರ್ವರ್ ಆಪ್ಷನ್‌ನ 'ಇನಿಟ್ ಕಮಾಂಡ್'ನಲ್ಲಿ 'ಸೆಟ್ ಸೆಷನ್ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್' 30000 ಕೊಡಿ. ಇದು ಮಿಲಿಸೆಕೆಂಡ್. ಮರಿಯಾಡಿಬಿ ಆದರೆ 'ಮ್ಯಾಕ್ಸ್ ಸ್ಟೇಟ್‌ಮೆಂಟ್ ಟೈಮ್', ಅದು ಸೆಕೆಂಡ್‌ನಲ್ಲಿ.

'ನೌ' ಕಾಲಂ ಬೇಡವೇ ಬೇಡ. ಕನ್‌ಕರೆಂಟ್ಲಿ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ನೋಡಿ ಬದಲಾದ ಸಾಲನ್ನಷ್ಟೇ ಬರೆಯುತ್ತದೆ. ಸಮಯ ಸೇರಿಸಿದರೆ ಪ್ರತಿ ಸಲ 40,000 ಸಾಲೂ ಬದಲಾದಂತೆಯೇ, ವ್ಯೂ ಉಬ್ಬುತ್ತಾ ಹೋಗುತ್ತದೆ. ಒಂದೇ ಸಾಲಿನ ಬೇರೆ ಟೇಬಲ್ ಇಟ್ಟು, ರಿಫ್ರೆಶ್ ಗೆದ್ದ ಮೇಲೆ ಅದನ್ನು ಅಪ್‌ಡೇಟ್ ಮಾಡಿ.

ಎಪಿಐ_ದಾರಿ:

ಹೋಸ್ಟೆಡ್ ಸ್ನೈಪ್-ಐಟಿ, ಡೇಟಾಬೇಸ್ ಪೋರ್ಟ್ ಸಿಗದು ಎನ್ನುವವರಿಗೆ: ಮಲ್ಟಿಕಾರ್ನ್‌ನಲ್ಲಿ (ಪೈಥಾನ್‌ನಲ್ಲಿ ಎಫ್‌ಡಿಡಬ್ಲ್ಯೂ ಬರೆಯುವ ಎಕ್ಸ್‌ಟೆನ್ಷನ್) ಸ್ನೈಪ್-ಐಟಿಯ ಎಪಿಐಯನ್ನೇ (ವೆಬ್ ಮೂಲಕ ಡೇಟಾ ಕೇಳುವ ದಾರಿ) ಫಾರಿನ್ ಟೇಬಲ್ ಮಾಡಬಹುದು, ಆದರೆ ಪ್ಲ್ಯಾನರ್ ನೆಸ್ಟೆಡ್ ಲೂಪ್ (ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ ಹುಡುಕುವ ಜಾಯಿನ್) ಆರಿಸಿದರೆ ಸಾಲಿಗೊಂದು ಎಪಿಐ ಕರೆ ಹೋಗಬಹುದು. ಡಿಫಾಲ್ಟ್ ಮಿತಿ ನಿಮಿಷಕ್ಕೆ 120, ಅದು ದಾಟಿದರೆ 429 ('ಕರೆ ಹೆಚ್ಚಾಯಿತು' ಎಂಬ ಎರರ್). ಹೊರಗಿನ ಸ್ಕ್ರಿಪ್ಟ್‌ನಿಂದ ಸ್ಟೇಜಿಂಗ್ (ತಾತ್ಕಾಲಿಕ) ಟೇಬಲ್‌ಗೆ ಕಾಪಿ ಮಾಡುವುದೇ ಲೇಸು. ಪುಟಕ್ಕೆ 500ರಂತೆ 40,000 ಸಾಲಿಗೆ 80 ಕರೆ. ಐಡಿ ಪ್ರಕಾರ ಏರಿಕೆ ಕ್ರಮ ಕೇಳಿ. ಡಿಫಾಲ್ಟ್ ಕ್ರಮದಲ್ಲಿ ಹೊಸದು ಮೊದಲು ಬರುವುದರಿಂದ, ನಡುವೆ ಒಂದು ಅಸೆಟ್ ಸೇರಿದರೆ ಪುಟಗಳು ಜರುಗಿ ಒಂದು ಸಾಲು ಎರಡು ಸಲ ಬರುತ್ತದೆ. ನಡುವೆ ಏನಾದರೂ ಅಳಿಸಿದರೆ ಸಾಲೊಂದು ತಪ್ಪಿಹೋಗುವ ಸಾಧ್ಯತೆ ಆಗಲೂ ಇದೆ. ಹಾಗಾಗಿ ಕೊನೆಯ ಉತ್ತರದ 'ಟೋಟಲ್' ಸಂಖ್ಯೆಗೂ ಸ್ಟೇಜಿಂಗ್‌ನ ಬೇರೆ ಬೇರೆ ಐಡಿಗಳ ಎಣಿಕೆಗೂ ತಾಳೆ ನೋಡಿ, ಹೊಂದಿದರೆ ಮಾತ್ರ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮುಖ್ಯ ಟೇಬಲ್‌ಗೆ ಬದಲಿಸಿ. ಹೊಂದದಿದ್ದರೆ ಸ್ಟೇಜಿಂಗ್ ಖಾಲಿ ಮಾಡಿ ಮುಂದಿನ ಸುತ್ತಿಗೆ ಬಿಡಿ.