ಬಾಕ್ಸ್‌ಕಾರ್ ರೆಡ್ ಬಾಟ್ಲಿ ಒಣಗಿದೆ, ಇನ್ನೂ ಐದು ಡಬ್ಬಿ ಬಾಕಿ

ಪ್ರಶ್ನೆ: ಮೇಡಂ, ನಾನಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಬೇಸ್‌ಮೆಂಟಿನಲ್ಲಿ ಹಳೆಯ ಪೆನ್ಸಿಲ್ವೇನಿಯಾ ರೈಲ್ರೋಡ್ ಕಂಪನಿಯ ರೈಲುಗಳ ಪುಟ್ಟ ಮಾದರಿ ಕಟ್ಟುತ್ತಿದ್ದೇನೆ, ಎಚ್‌ಒ ಸ್ಕೇಲಿನದು (ನಿಜದ 87ನೇ ಒಂದು ಪಾಲು). ಎಕ್ಸ್29 ಅನ್ನುವ ಮಾದರಿಯ ಹನ್ನೆರಡು ಬಾಕ್ಸ್‌ಕಾರ್‌ಗಳಲ್ಲಿ, ಅಂದರೆ ಮುಚ್ಚಿದ ಗೂಡ್ಸ್ ಡಬ್ಬಿಗಳಲ್ಲಿ, ಏಳಕ್ಕೆ ಫ್ಲೋಕ್ವಿಲ್ ಕಂಪನಿಯ ಬಾಕ್ಸ್‌ಕಾರ್ ರೆಡ್ ಬಣ್ಣ ಹೊಡೆದಾಗಿದೆ. ಎಂಟನೆಯದಕ್ಕೆ ಅಂತ ಮುಚ್ಚಳ ತೆಗೆದರೆ ಒಳಗೆ ಬೆಲ್ಲದಚ್ಚಿನ ಹಾಗೆ ಗಟ್ಟಿ. 2013ರಲ್ಲೇ ಆ ಬಣ್ಣ ಮಾಡುವುದನ್ನು ನಿಲ್ಲಿಸಿದ್ದಾರೆ, ಸಿಗುವ ಮಾತೇ ಇಲ್ಲ. ‘ಇದಕ್ಕೆ ಬದಲು ಇದು’ ಅನ್ನುವ ಪಟ್ಟಿ ನೋಡಿ ನೀರಿನಲ್ಲಿ ಕರಗುವ ಅಕ್ರಿಲಿಕ್ ತರಿಸಿದೆ. ಏಳರ ಪಕ್ಕ ಎಂಟನೆಯದು ಚಾಕೊಲೇಟ್ ಥರ ಕಾಣುತ್ತೆ. ನೀವು ಕಾರಿನ ಬಣ್ಣ ಹೊಂದಿಸುವ ಕೆಲಸದವರು ಅಂತ ಕೇಳಿದೆ. ಸರಿಯಾದ ಬಾಟ್ಲಿ ಯಾವುದು?

ಉತ್ತರ: ಸರಿಯಾದ ಬಾಟ್ಲಿ ಹುಡುಕುವುದನ್ನು ಬಿಡಿ. ಆ ಪಟ್ಟಿಗಳು ‘ಸುಮಾರು ಈ ಕಡೆ’ ಅಂತ ದಾರಿ ತೋರಿಸುತ್ತವೆ, ಅಷ್ಟೇ. ಚಾಕೊಲೇಟ್ ಬಾಟ್ಲಿ ಎಸೆಯಬೇಡಿ, ಅದರಿಂದಲೇ ಶುರು ಮಾಡಿ.

ಬಾಕ್ಸ್‌ಕಾರ್ ರೆಡ್ ಅಂದರೆ ಮೂಲದಲ್ಲಿ ಐರನ್ ಆಕ್ಸೈಡ್. ನಮ್ಮೂರಲ್ಲಿ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಜಾತಿಯದೇ. ಅಗ್ಗ, ಬಿಸಿಲಿಗೂ ತಡೆಯುತ್ತದೆ, ಅದಕ್ಕೇ ಗೂಡ್ಸ್ ಡಬ್ಬಿಗೆಲ್ಲ ಅದನ್ನೇ ಬಳಿದರು. ಮಣ್ಣಿನಂತೆಯೇ ಇದೂ ಕಿತ್ತಳೆಯಿಂದ ಕಂದಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ನಿಮ್ಮದು ಕಂದಿನ ಕಡೆ ಜಾರಿದೆ. ಅದೇ ಕಂಪನಿಯ ಕೆಂಪು ತಂದು ಹತ್ತು ಹನಿಗೆ ಒಂದು ಹನಿ ಹಾಕಿ, ಆಮೇಲೆ ಸೂಜಿ ಮೊನೆಯಷ್ಟು ಹಳದಿ. ಕೆಂಪು ಜಾಸ್ತಿಯಾಯಿತು ಅಂದರೆ ಕಪ್ಪು ಹಾಕಬೇಡಿ, ಕೊಳಕಾಗುತ್ತದೆ. ಒಂಚೂರು ಹಸಿರು ಹಾಕಿದರೆ ಕೆಂಪು ತಾನೇ ತಗ್ಗುತ್ತದೆ. ಬೇರೆ ಕಂಪನಿಯ ಬಣ್ಣ ಬೆರೆಸಬೇಡಿ. ಟಾಮಿಯಾ ಕಂಪನಿಯ ಅಕ್ರಿಲಿಕ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ನೀರಿನ ಅಕ್ರಿಲಿಕ್‌ಗೆ ಬೆರೆಸಿದರೆ ಒಡೆದ ಹಾಲಿನ ಹಾಗೆ ಗಂಟುಗಂಟಾಗಬಹುದು.

ಹಸಿ ಬಣ್ಣ ನೋಡಿ ತೀರ್ಮಾನ ಬೇಡ. ಅಕ್ರಿಲಿಕ್ ಒಣಗಿದ ಮೇಲೆ ಗಾಢವಾಗುತ್ತದೆ. ಬಿಳಿ ಪ್ಲಾಸ್ಟಿಕ್‌ನ ಒಂದು ಚೂರಿನ ಮೇಲೆ ಬಳಿದು, ಹಿಂದೆ ಹನಿ ಲೆಕ್ಕ ಬರೆದು, ರಾತ್ರಿ ಒಣಗಲು ಬಿಡಿ. ಕೊನೆಗೆ ಡಬ್ಬಿಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆಯುವುದಿದ್ದರೆ ಆ ಚೂರಿನ ಮೇಲೂ ಅದನ್ನೇ ಹೊಡೆಯಿರಿ. ಬೆಳಿಗ್ಗೆ ಹಳೆ ಡಬ್ಬಿಗೆ ಅಂಚು ತಾಗಿಸಿ ಹಿಡಿಯಿರಿ. ನಡುವೆ ಎರಡು ಬೆರಳು ಜಾಗ ಬಿಟ್ಟರೂ ಕಣ್ಣು ಮೋಸ ಹೋಗುತ್ತದೆ.

ಇನ್ನೊಂದು ಮಾತು, ನನ್ನ ಕೆಲಸದಲ್ಲಿ ದಿನಾ ನೋಡುವುದು. ಬಿಸಿಲಲ್ಲಿ ಒಂದೇ ಅನ್ನಿಸಿದ ಎರಡು ಬಣ್ಣ ಟ್ಯೂಬ್‌ಲೈಟ್ ಕೆಳಗೆ ಬೇರೆ ಬೇರೆ ಆಗಿಬಿಡುತ್ತವೆ, ಒಳಗಿನ ಪುಡಿ ಬೇರೆ ಇರುವುದರಿಂದ. ಒಮ್ಮೆ ಹೊಂದಿತು ಅಂತ ಕಳಿಸಿದ ಕಾರಿನ ಬಾಗಿಲು ಸಂಜೆಗೇ ವಾಪಸ್ ಬಂದಿತ್ತು, ತಪ್ಪು ನನ್ನದೇ. ನಿಮ್ಮ ರೈಲು ಓಡುವುದು ಬೇಸ್‌ಮೆಂಟಿನಲ್ಲಿ ತಾನೇ? ಅಲ್ಲಿನ ದೀಪದ ಕೆಳಗೇ ನೋಡಿ.

ಪ್ರಶ್ನೆ: ಆ ಗಟ್ಟಿ ಬಾಟ್ಲಿಗೆ ಥಿನ್ನರ್ ಹಾಕಿ ಎಬ್ಬಿಸಬಹುದಾ?

ಉತ್ತರ: ಅಚ್ಚಿನಂತಾದರೆ ಇಲ್ಲ. ಜೋನಿಬೆಲ್ಲದ ಹಾಗಿದ್ದರೆ ಲ್ಯಾಕರ್ ಥಿನ್ನರ್ ಹನಿ ಹನಿಯಾಗಿ ಹಾಕಿ ನೋಡಬಹುದಿತ್ತು. ಅದನ್ನೂ ಬೇಸ್‌ಮೆಂಟಿನಲ್ಲಿ ಮಾತ್ರ ಮಾಡಬೇಡಿ. ಗ್ಯಾಸ್ ವಾಟರ್ ಹೀಟರಿನ ಜ್ವಾಲೆ ಅಲ್ಲೇ ಉರಿಯುತ್ತಿರುತ್ತದೆ ಅಲ್ವಾ? ಆವಿ ಹೊತ್ತಿಕೊಂಡರೆ ಕಷ್ಟ.

ಬೆರೆಸುವ ತಾಳ್ಮೆ ಇಲ್ಲದಿದ್ದರೆ ಟ್ರೂ-ಕಲರ್ ಕಂಪನಿಯದು ನೋಡಿ, ರೈಲುಗಳ ಬಣ್ಣಗಳನ್ನೇ ಹೆಸರಿಟ್ಟು ಮಾಡುತ್ತಾರೆ. ನೀರಿನದಲ್ಲ, ಸಾಲ್ವೆಂಟ್ ಬಣ್ಣ ಅದು, ಏರ್‌ಬ್ರಶ್‌ಗೆ (ಗಾಳಿಯಿಂದ ಬಣ್ಣ ಸಿಂಪಡಿಸುವ ಪಿಚಕಾರಿಗೆ) ಸರಿ. ಆದರೆ ಎಂಟನೆಯ ಡಬ್ಬಿಯ ಅಕ್ರಿಲಿಕ್ ಮೇಲೆ ನೇರ ಹೊಡೆಯಬೇಡಿ, ಕೆಳಗಿನದು ಸುಕ್ಕುಗಟ್ಟಬಹುದು. ಮೊದಲು ಅದನ್ನು ತೆಗೆಯಿರಿ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ ಮೇಡಂ. ಸ್ಟೀಮ್ ಇಂಜಿನ್‌ಗೆ ಗ್ರೈಮಿ ಬ್ಲ್ಯಾಕ್, ಅಂದರೆ ಕೊಳೆ ಹಿಡಿದಂಥ ಕಪ್ಪು, ಬೇಕಿತ್ತು. ಅದಕ್ಕೂ ಹನಿ ಲೆಕ್ಕನಾ?

ಉತ್ತರ: ಬೇಡ ಬೇಡ. ಟಾಮಿಯಾ ಎಕ್ಸ್‌ಎಫ್-69 ನೇಟೋ ಬ್ಲ್ಯಾಕ್ ಸಾಕು. ಮೇಲೆ ಮಸಿ ಧೂಳು ಹಾಕುತ್ತೀರಲ್ಲ, ಆಮೇಲೆ ನನಗೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಮೂರು ಚೂರು ಬಳಿದೆ, ಮೂರನೆಯದು ತುಂಬಾ ಹತ್ತಿರ ಬಂತು. ಪೂರ್ತಿ ಒಂದೇ ಅಂತ ಹೇಳಲಾರೆ.

ಉತ್ತರ: ಅಲ್ಲಿಗೇ ನಿಲ್ಲಿಸಿ. ಪೆನ್ಸಿಲ್ವೇನಿಯಾದವರ ಗೂಡ್ಸ್ ಬಣ್ಣವೇ ವರ್ಷಗಳಲ್ಲಿ ಕಿತ್ತಳೆ ಕಡೆಯಿಂದ ಕಂದಿಗೆ ಸರಿದಿತ್ತು, ಒಂದೇ ಗಾಡಿಯಲ್ಲಿ ಹೊಸತು ಹಳತು ಬೆರೆತು ಓಡುತ್ತಿದ್ದವು. ಐದನ್ನೂ ಹೊಡೆದು ಮುಗಿಸಿ, ಹನ್ನೆರಡಕ್ಕೂ ತೆಳು ಕಂದು ವಾಶ್ (ನೀರಾಗಿಸಿದ ಬಣ್ಣದ ಲೇಪ) ಕೊಡಿ. ಸಾಲಾಗಿ ಏಳು, ಆಮೇಲೆ ಐದು ಅಂತ ಮಾತ್ರ ನಿಲ್ಲಿಸಬೇಡಿ, ಕಲಸಿ ಜೋಡಿಸಿ. ಹನಿ ಲೆಕ್ಕದ ಚೂರು ಎತ್ತಿಡಿ. ಹದಿಮೂರನೆಯ ಡಬ್ಬಿ ನೀವು ಖಂಡಿತ ಕೊಳ್ಳುತ್ತೀರಿ.